ಬಟರ್‌ಮಿಲ್ಕ್‌ಗೆ ಯಾವ ಹಾಡು

ಹಾರ್ಪರ್ಸ್ ಬೆಂಡ್, ಮಿಸಿಸಿಪ್ಪಿ
ನವೆಂಬರ್ 8, 1994

ನನ್ನ ಮುದ್ದಿನ ತಂಗಿ ಕ್ವೀನಿಗೆ,

ಅಕ್ಕ ಡೆಲ್ಲ ಮಾಡುವ ಆಶೀರ್ವಾದ. ನಿನ್ನ ಮಂಡಿನೋವು ಹೇಗಿದೆ? ಶಿಕಾಗೊದ ಚಳಿ ಆಗಲೇ ಶುರುವಾಗಿರಬೇಕು. ಉಣ್ಣೆಯ ಕಾಲುಚೀಲ ಹಾಕಿಕೋ, ಫ್ಯಾಷನ್ ನೋಡುತ್ತಾ ಕೂರಬೇಡ.

ಹೋದ ವಾರ ಫೋನ್ ಮಾಡಿದಾಗ ನೀನು ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದೆ. ಭಾವ ಸಾಯುವ ಮುಂಚೆ ತಮಗೆ ಯಾವ ಹಾಡು ಹಾಕಬೇಕೆಂದು ಹೇಳಿದ್ದರಾ ಎಂದು. ಇಲ್ಲ ಎಂದೆ. ಒಲೆಯ ಮೇಲೆ ಸೊಪ್ಪು ಇಟ್ಟಿದ್ದೇನೆ, ಸೀಯುತ್ತಿದೆ ಎಂದು ಫೋನ್ ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಅವತ್ತಿನಿಂದ ಊಟ ಸೇರುತ್ತಿಲ್ಲ. ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ, ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು. ಅರ್ಧಕ್ಕೇ ಹರಿದು ಹಾಕಬೇಡ. ಚಿಕ್ಕಂದಿನಿಂದ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಹರಿಯುವ ಬುದ್ಧಿ ನಿನ್ನದು.

ನಿನ್ನ ಭಾವನ ಮಧ್ಯಾಹ್ನದ ರೇಡಿಯೋ ಕಾರ್ಯಕ್ರಮ ಹೇಗಿರುತ್ತಿತ್ತೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ. ಅವರ ವಿಷಯ ಬರೆಯುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ ಅನಿಸುತ್ತದೆ. ಹನ್ನೆರಡು ಹೊಡೆದ ಕೂಡಲೇ ಮೈಕಿನ ಮುಂದೆ ಗಟಗಟ ಮಜ್ಜಿಗೆ ಕುಡಿಯುವ ಸದ್ದು. ಆ ಸದ್ದಿಗೇ ಅಲ್ಲವೇ ಮೂರು ಕೌಂಟಿಯ ಜನ ಅವರಿಗೆ ಬಟರ್‌ಮಿಲ್ಕ್ ಎಂದು ಹೆಸರಿಟ್ಟದ್ದು. ಓಜೆಲ್ ಪಿಂಕ್‌ಸ್ಟನ್ ಎಂದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಿದ್ದ. ಆಮೇಲೆ ಶವಸಂಸ್ಕಾರ ನಡೆಸುವ ಗ್ರಿಗ್ಸ್‌ಬಿ ಫ್ಯೂನರಲ್ ಹೋಮ್‌ನವರು ಕಳಿಸಿದ ಸಾವಿನ ಸುದ್ದಿ. ಯಾರು ತೀರಿಕೊಂಡರು, ಯಾರ ಮಗ, ಯಾವ ಚರ್ಚು, ಮಣ್ಣು ಯಾವಾಗ. ಅದನ್ನು ಓದಿ ಮುಗಿಸಿ ಸತ್ತವರಿಗೆಂದೇ ಒಂದು ಬ್ಲೂಸ್ ಹಾಡು, ಚರ್ಚಿನವರು ಸೈತಾನನ ಹಾಡು ಎಂದು ಬೈಯುವಂಥದ್ದು. ಚರ್ಚಿನ ಡೀಕನ್ ಆಗಿರಲಿ, ಸಾರಾಯಿ ಕಾಸುವವನಾಗಿರಲಿ, ಎಲ್ಲರಿಗೂ ಬ್ಲೂಸೇ. ಹಾಡು ಆರಿಸುವವರು ನಿನ್ನ ಭಾವ.

ಆರಿಸುವುದರಲ್ಲಿ ಅವರ ಕೈ ಹೇಗಿತ್ತು ನೋಡು. ಮಿಸೆಸ್ ಕ್ರಂಪ್ ತೀರಿಕೊಂಡಾಗ, ರೈಲಿನವನಿಗಾಗಿ ಕಾಯುವ ಹೆಂಗಸಿನ ಹಾಡು ಹಾಕಿದರು. ಜೀವಮಾನವೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತು ಜನರನ್ನು ಬರಮಾಡಿಕೊಂಡವಳಿಗೆ ಇಂಥ ಹಾಡೇ ಎಂದು ಮನೆಯವರೆಲ್ಲ ಕಾರು ಹತ್ತಿ ರೇಡಿಯೋ ಸ್ಟೇಷನ್ನಿಗೆ ಜಗಳಕ್ಕೆ ಹೊರಟರು. ಅರ್ಧ ದಾರಿಯಲ್ಲಿ ಹಿರಿಯ ಮಗಳಿಗೆ ಅಮ್ಮನ ಟ್ರಂಕಿನ ತಳದಲ್ಲಿದ್ದ ಯಾರದೋ ರೈಲ್ವೆ ಟೋಪಿ ನೆನಪಾಯಿತಂತೆ. ಕಾರು ನಿಲ್ಲಿಸಿ ರಸ್ತೆ ಬದಿಯಲ್ಲೇ ಅತ್ತು ವಾಪಸಾದರು. ಪ್ರತಿದಿನ ಹಾಡು ಹಾಕುವ ಮುಂಚೆ ನಿನ್ನ ಭಾವ ಹೇಳುತ್ತಿದ್ದದ್ದು ಊರಿನ ಮಕ್ಕಳಿಗೂ ಬಾಯಿಪಾಠ: "ಪಾದ್ರಿ ಮನೆ ಪಕ್ಕದೋರು ರೇಡಿಯೋ ಸ್ವಲ್ಪ ಸಣ್ಣಕ್ಕೆ ಇಟ್ಕೊಳ್ಳಿ. ಪಾದ್ರಿಗಳೇ, ನೀವು ದೊಡ್ಡಕ್ಕೆ ಇಟ್ಕೊಳ್ಳಿ."

ಹಾಗೆ ಊರಿಗೆಲ್ಲ ಹಾಡು ಹಂಚಿದವರು ಅಕ್ಟೋಬರ್ ತಿಂಗಳ ಒಂದು ಗುರುವಾರ ಹೋಗಿಬಿಟ್ಟರು. ಶುಕ್ರವಾರ ಮಧ್ಯಾಹ್ನ ಅವರ ಸುದ್ದಿಯನ್ನು ಅವರದೇ ಕಾರ್ಯಕ್ರಮದಲ್ಲಿ ಓದಬೇಕಿತ್ತು. ಈಗ ಸ್ಟೇಷನ್ ನೋಡಿಕೊಳ್ಳುವ ಟ್ವೈಲಾ ಗ್ಯಾದಿಂಗ್ಸ್ ಬೆಳಿಗ್ಗೆಯೇ ಫೋನ್ ಮಾಡಿದಳು. ಆ ಹಾಡನ್ನು ಆರಿಸುವ ಹಕ್ಕು ನಿಮ್ಮೊಬ್ಬರಿಗೇ ಇರುವುದು, ಬಂದು ನೀವೇ ಹೇಳಿ ಎಂದಳು. ನಮ್ಮ ಚರ್ಚಿನ ಪಾದ್ರಿ ರೆವರೆಂಡ್ ಸ್ಟ್ರಿಬ್ಲಿಂಗ್ ತಾವೇ ಕಾರು ತಂದು ನನ್ನನ್ನು ಕರೆದುಕೊಂಡು ಹೋದರು. ಅವತ್ತು ಹತ್ತಿ ಜಿನ್ನಿಂಗ್ ಮಿಲ್ಲು ಕೂಡ ನಿಲ್ಲಿಸಿದ್ದರಂತೆ, ಕೆಲಸದವರು ರೇಡಿಯೋ ಕೇಳಲಿ ಎಂದು. ಕ್ಲಿಯೋಥನ ಕ್ಷೌರದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಬಟರ್‌ಮಿಲ್ಕ್ ತನಗೆ ಯಾವ ಹಾಡು ಇಟ್ಟುಕೊಂಡಿದ್ದಾನೆ ಎಂದು ಎಲ್ಲರಿಗೂ ಒಂದೇ ಕುತೂಹಲ.

ಟ್ವೈಲಾ ಮೈಕಿನ ಪಕ್ಕ ಒಂದು ಲೋಟ ಮಜ್ಜಿಗೆ ಇಟ್ಟಿದ್ದಳು. ಕುಡಿಯಲು ಅವಳಿಂದ ಆಗಲಿಲ್ಲ. ಸುದ್ದಿ ಓದುವಾಗ ಎರಡು ಸಲ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ಮಿಸ್ ಡೆಲ್ಲ, ಎಲ್ಲರಿಗೂ ಹಾಡು ಹುಡುಕಿ ಕೊಟ್ಟೋರು ಅವರು. ಅವರಿಗೆ ಯಾವ್ದು ಹಾಕ್ಲಿ?" ಎಂದಳು. ನಾನು ಒಂದು ಸ್ತುತಿಗೀತೆಯ ಹೆಸರು ಹೇಳಿದೆ. ನಮ್ಮ ಚರ್ಚಿನಲ್ಲಿ ದೀಕ್ಷಾಸ್ನಾನದ ದಿನ ಹಾಡುವಂಥದ್ದು. ಅದೇ ಅವರು ಕೇಳಿದ್ದು ಎಂದೂ ಸೇರಿಸಿದೆ. ಟ್ವೈಲಾ ನನ್ನನ್ನೇ ನೋಡಿದಳು. ಎದ್ದು, ಭಾನುವಾರದ ರೆಕಾರ್ಡುಗಳ ಕಪಾಟಿನಲ್ಲಿ ಹುಡುಕಿ ತಂದು ಹಾಕಿದಳು. ರೆವರೆಂಡ್ ನನ್ನ ಭುಜ ತಟ್ಟಿದರು.

ಅವರು ಕೇಳಿದ್ದು ಅದನ್ನಲ್ಲ, ಕ್ವೀನಿ. ಬುಧವಾರ ಆಸ್ಪತ್ರೆಯಲ್ಲಿ ಅವರಿಗೆ ಮಾತಾಡುವಷ್ಟು ಉಸಿರಿತ್ತು. ನನ್ನ ಕೈ ಹಿಡಿದುಕೊಂಡು, "ನಂಗೆ ಕ್ವೀನಿ ಹಾಡು ಹಾಕ್ಸು ಡೆಲ್ಲಾ, ಸುಕ್ಕು ಅಂಗೀದು. ಬೇರೆ ಯಾವ್ದೂ ಬೇಡ" ಎಂದರು. ಆಗಲಿ ಎಂದೆ. ಅವರು ನಕ್ಕರು. ಗಂಡನ ಕೊನೆಯ ಮಾತಿಗೆ ಆಗಲಿ ಎಂದು, ಎರಡು ದಿನದಲ್ಲಿ ಊರೆಲ್ಲ ಕೇಳುವಂತೆ ಸುಳ್ಳು ಹೇಳಿದವಳು ನಿನ್ನ ಅಕ್ಕ.

ಅವತ್ತೇ ಮುಗಿದುಹೋಗಿದ್ದರೆ ಬಹುಶಃ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಸುಳ್ಳು ನನ್ನ ಕೈ ಮೀರಿ ಬೆಳೆಯಿತು. ಮಣ್ಣಿನ ದಿನ ರೆವರೆಂಡ್ ಅದನ್ನೇ ಹಿಡಿದು ಉಪದೇಶ ಮಾಡಿದರು. ಇಷ್ಟು ವರ್ಷ ಕಟ್ಟಕಡೆಯ ಬೆಂಚಿನಲ್ಲಿ ಕೂರುತ್ತಿದ್ದ ಓಜೆಲ್ ಪಿಂಕ್‌ಸ್ಟನ್, ಸಾಯುವ ಹೊತ್ತಿಗೆ ಸೈತಾನನ ಹಾಡನ್ನು ಕೊಡವಿಕೊಂಡು ದೇವರ ಹಾಡು ಕೇಳಿದ ಎಂದರು. ಚರ್ಚು ಆಮೆನ್ ಎಂದು ಎದ್ದು ನಿಂತಿತು. ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ಎಷ್ಟೋ ದೂರದಿಂದ ಬಂದಿದ್ದ ಕೇಳುಗರು ಒಬ್ಬೊಬ್ಬರೇ ಟೋಪಿ ಹಾಕಿಕೊಂಡು ಹೊರಡುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಬಂದವರಿಗೆ ಹಂಚಲು ಅಚ್ಚು ಹಾಕಿಸಿದ ಅವರ ಜೀವನಚರಿತ್ರೆಯ ಹಾಳೆಯಲ್ಲಿ ಪ್ರಸಾರ ವೃತ್ತಿಯಲ್ಲಿದ್ದರು ಎಂದಷ್ಟೇ ಇತ್ತು, ಬ್ಲೂಸ್ ಎಂಬ ಮಾತೇ ಇರಲಿಲ್ಲ. ಊಟಕ್ಕೆ ಕೋಳಿ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಆಮೇಲಿನದು ಇನ್ನೂ ಕೆಟ್ಟದ್ದು. ಈಗ ಯಾರು ತೀರಿಕೊಂಡರೂ ಮನೆಯವರು ಟ್ವೈಲಾಗೆ ಫೋನ್ ಮಾಡಿ ನಮ್ಮವರಿಗೂ ಸ್ತುತಿಗೀತೆ ಹಾಕಿ, ಬಟರ್‌ಮಿಲ್ಕೇ ಅದನ್ನು ಕೇಳಿಕೊಂಡರಲ್ಲ ಎನ್ನುತ್ತಾರಂತೆ. ಮಿಸ್ಟರ್ ಟಾಲಿವರ್ ತನಗೆ ಹೇಸರಗತ್ತೆಯ ಹಾಡೇ ಬೇಕೆಂದು ಜೀವವಿರುವಾಗಲೇ ಹತ್ತು ಜನರ ಮುಂದೆ ಹೇಳಿದ್ದ. ಅವನಿಗೂ ಸ್ತುತಿಗೀತೆಯೇ ಆಯಿತು. ನಿನ್ನ ಭಾವ ನಲವತ್ತು ವರ್ಷ ಬೈಸಿಕೊಂಡು ಉಳಿಸಿದ್ದ ಪದ್ಧತಿ, ನನ್ನ ಒಂದು ಮಾತಿಗೆ ಒಂದೇ ತಿಂಗಳಲ್ಲಿ ಮುಗಿಯುತ್ತಾ ಬಂದಿದೆ.

ಹೋದ ಶನಿವಾರ ಕ್ಲಿಯೋಥನ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಸದ್ದೇ ಇರಲಿಲ್ಲ. ಆ ಅಂಗಡಿಯ ರೇಡಿಯೋ ಬಾಯಿ ಮುಚ್ಚಿದ್ದನ್ನು ನಾನು ಕಂಡೇ ಇರಲಿಲ್ಲ. ಕ್ಲಿಯೋಥ ಹೊರಗೆ ಬಂದ. ನಿನ್ನ ಭಾವ ಹುಡುಗನಾಗಿದ್ದಾಗಿನಿಂದ ಅವರ ತಲೆಕೂದಲು ಕತ್ತರಿಸಿದವನು, ಕೊನೆಗೆ ಫ್ಯೂನರಲ್ ಹೋಮ್‌ಗೆ ಹೋಗಿ ಕೊನೆಯ ಕ್ಷೌರವನ್ನೂ ಮಾಡಿ ಬಂದವನು. ಟೋಪಿ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡುತ್ತಾ ಹೇಳಿದ: "ನಮ್ಮ ಹಾಡಿಗೆ ನಾಚ್ಕೋಬೇಡ್ರೋ ಅಂತ ದಿನಾ ಹೇಳ್ತಿದ್ದ. ಹತ್ತಿ ಬಿಡಿಸಿ ಬಂದೋರ ಹಾಡಿದು, ಇದ್ರಲ್ಲಿ ಏನೂ ಕೊಳಕಿಲ್ಲ ಅಂತಿದ್ದ. ಹೋಗೋವಾಗ ಅವ್ನೇ ನಾಚ್ಕೊಂಡು ಹೋದ್ನಲ್ಲ, ಮಿಸ್ ಡೆಲ್ಲ. ನಮ್ಮನ್ನ ಕಂಡ್ರೆ ಅವ್ನಿಗೆ ಅಷ್ಟು ಅವಮಾನ ಇತ್ತಾ?"

ಮಳೆ ಬರುವ ಹಾಗಿದೆ ಎಂದೇನೋ ಹೇಳಿ ಮನೆಗೆ ಬಂದೆ. ಬಂದು ಅಳಲೂ ಆಗಲಿಲ್ಲ. ನಾಚಿಕೊಂಡವಳು ನಾನು, ಕ್ವೀನಿ. ನನ್ನ ನಾಚಿಕೆಯನ್ನು ಸತ್ತ ಮನುಷ್ಯನ ತಲೆಗೆ ಕಟ್ಟಿ ಮಣ್ಣು ಮಾಡಿಸಿದೆ. ಎದ್ದು ಬಂದು ಇಲ್ಲ ಎನ್ನಲು ಅವರಿಲ್ಲ.

ರೆವರೆಂಡ್ ಪಕ್ಕದಲ್ಲೇ ನಿಂತಿದ್ದರು, ಹೆದರಿ ಹಾಗಂದೆ ಎಂದು ಬರೆಯಲು ಪೆನ್ನು ಎತ್ತಿದ್ದೆ. ಅದು ನಿಜವಲ್ಲ. ಆ ಮನುಷ್ಯ ನನಗೆ ಮಗನ ವಯಸ್ಸಿನವನು, ನಾನು ಯಾಕೆ ಹೆದರಲಿ? ಹೆದರಿದ್ದು ನಿನ್ನ ಹಾಡಿಗೆ.

ಸುಕ್ಕು ಅಂಗಿ ಯಾರದೆಂದು ಊರಿಗೆ ಗೊತ್ತಿಲ್ಲ. ನಿನಗೆ, ಅವರಿಗೆ, ನನಗೆ, ಮೂವರಿಗೇ ಗೊತ್ತಿತ್ತು. ಐವತ್ತಾರನೆಯ ಇಸವಿಯಲ್ಲಿ, ಗಂಡ ರೇಡಿಯೋದಲ್ಲಿ ಬ್ಲೂಸ್ ಹಾಕುತ್ತಾನೆಂದು ನನ್ನನ್ನು ಚರ್ಚಿನ ಗಾಯಕರ ಸಾಲಿನಿಂದ ಇಳಿಸಿದರು. ನಾನು ಮನೆಗೆ ಬಂದು, ರೇಡಿಯೋ ಬೇಕೋ ನಾನು ಬೇಕೋ ಎಂದೆ. ಅವರು ಏನೂ ಹೇಳಲಿಲ್ಲ. ಹೇಳದಿದ್ದದ್ದಕ್ಕೇ ಸಿಟ್ಟು ನೆತ್ತಿಗೇರಿ ಮೆಂಫಿಸಿಗೆ ಹೋಗಿ ಲಾಂಡ್ರಿ ಸೇರಿದೆ. ನೀನು ಆಗ ನಮ್ಮ ಮನೆಯಲ್ಲೇ ಇದ್ದೆ. ಅವರು ದಿನಾ ಸುಕ್ಕು ಸುಕ್ಕು ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಹೋಗುವುದನ್ನು ನೋಡಿದವಳು ನೀನು. ಇಸ್ತ್ರಿ ಮಾಡಿಕೊಡುತ್ತೇನೆ ಎಂದರೂ ಬೇಡ ಅನ್ನುತ್ತಿದ್ದರಂತೆ. ಅದನ್ನೇ ಹಾಡು ಕಟ್ಟಿದೆ. ಅವರು ನಿನ್ನನ್ನು ಯಾರದೋ ಲಾರಿಯಲ್ಲಿ ಕೂರಿಸಿಕೊಂಡು ಹೋಗಿ ರೆಕಾರ್ಡ್ ಮಾಡಿಸಿದರು. ಊರೆಲ್ಲ ಅದಕ್ಕೆ ಕುಣಿಯಿತು, ಆ ಬೇಸಿಗೆ ಪೂರ್ತಿ.

ಹವಾ ತಿಳಿಯಾಗಿದ್ದ ದಿನ ನಮ್ಮ ಸ್ಟೇಷನ್ ಮೆಂಫಿಸಿನವರೆಗೂ ಕೇಳಿಸುತ್ತಿತ್ತು. ಲಾಂಡ್ರಿಯ ಗೂಡಿನಲ್ಲಿ ಒಂದು ರೇಡಿಯೋ ಇತ್ತು. ಯಾವನೋ ಗೊತ್ತಿಲ್ಲದವನ ಅಂಗಿಯ ಕಾಲರಿಗೆ ನಾನು ಇಸ್ತ್ರಿ ಹಾಕುತ್ತಿದ್ದೇನೆ, ನೀನು ಹಾಡುತ್ತಿದ್ದೀಯ: ಅಂಗಿ ಸುಕ್ಕಾಗಿದೆ ದೊರೆಯೇ, ಬಿಡಿಸೋ ಕೈ ಊರಲ್ಲಿಲ್ಲ. ಪಕ್ಕದ ಹೆಂಗಸರು ಬಿದ್ದು ಬಿದ್ದು ನಕ್ಕರು, ಯಾವಳೋ ಸರಿಯಾಗಿ ಬುದ್ಧಿ ಕಲಿಸಿದ್ದಾಳೆ ಎಂದು. ನಾನು ಆ ಕಾಲರನ್ನು ಸುಟ್ಟು ಕಂದು ಮಾಡಿಬಿಟ್ಟೆ. ಅವತ್ತು ಸಂಜೆಯ ಬಸ್ಸಿಗೇ ಊರಿಗೆ ಬಂದೆ.

ಬಂದವಳು ಚರ್ಚಿನಲ್ಲಿ ಏನು ಹೇಳಿದೆ ಗೊತ್ತಲ್ಲ. ಇಸ್ತ್ರಿ ಮಾಡುತ್ತಾ ನಿಂತಿದ್ದಾಗ ಮೇಲಿನಿಂದ ಒಂದು ದನಿ ಬಂತು, ಮನೆಗೆ ಹೋಗು ಮಗಳೇ ಎಂದಿತು ಎಂದು ಸಾಕ್ಷಿ ನುಡಿದೆ. ಜನ ಕಣ್ಣೀರು ಹಾಕಿದರು. ನನ್ನನ್ನು ಮತ್ತೆ ಹಾಡಲು ಸೇರಿಸಿಕೊಂಡರು. ವರ್ಷ ವರ್ಷವೂ ನನ್ನನ್ನು ಎದುರಿಗೆ ನಿಲ್ಲಿಸಿ ಅದನ್ನೇ ಹೇಳಿಸಿದರು, ಕೊನೆಗೆ ಬಿಳಿ ಉಡುಪು ಕೊಟ್ಟು, ಚರ್ಚಿನ ಹಿರಿಯ ಹೆಂಗಸರಿಗೆ ಸಲ್ಲುವ ಮದರ್ ಪಟ್ಟ ಕಟ್ಟಿದರು. ದನಿ ಬಂದದ್ದು ನಿಜ. ಅದು ತಲೆಯ ಮೇಲಿನ ಗೂಡಿನ ರೇಡಿಯೋದಿಂದ ಬಂತು, ನಿನ್ನದಾಗಿತ್ತು. ನಿನ್ನ ಭಾವನಿಗೆ ಇದು ಗೊತ್ತಿತ್ತು. ನಾನು ಸಾಕ್ಷಿ ಹೇಳುವಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ತಮ್ಮ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. ಒಂದು ದಿನವೂ ನನ್ನನ್ನು ಬಿಟ್ಟುಕೊಡಲಿಲ್ಲ.

ಆ ಶುಕ್ರವಾರ ನಾನು ಸುಕ್ಕು ಅಂಗಿ ಎಂದಿದ್ದರೆ, ಬಟರ್‌ಮಿಲ್ಕ್‌ಗೆ ಆ ಹಾಡು ಯಾಕೆ ಎಂದು ಊರು ಯೋಚಿಸುತ್ತಿತ್ತು. ಅವರೇ ಕಲಿಸಿದ ಅಭ್ಯಾಸ ಅದು. ಕ್ಲಿಯೋಥನಿಗೆ ಐವತ್ತಾರನೆಯ ಇಸವಿ ನೆನಪಿದೆ. ಹಾಡಿನಲ್ಲಿ ಬಿಟ್ಟು ಹೋದವಳು ನಾನು ಎಂದಾಗುತ್ತಿತ್ತು, ಆಮೇಲೆ ದೇವರ ದನಿಯೂ ಬಯಲಾಗುತ್ತಿತ್ತು. ಅಷ್ಟಕ್ಕೆ ಹೆದರಿದೆ. ನಿನಗೆ ಸುದ್ದಿ ತಡವಾಗಿ ತಿಳಿಸಿದ್ದೂ ಅದಕ್ಕೇ. ಲೈನ್ ಸಿಗಲಿಲ್ಲ ಎಂದೆನಲ್ಲ, ನಾನು ಫೋನೇ ಮಾಡಿರಲಿಲ್ಲ. ನೀನು ಮಣ್ಣಿಗೆ ಬಂದರೆ ಯಾರಾದರೂ ಒಂದು ಹಾಡು ಹೇಳು ಅಂದಾರು ಎಂದು ಭಯವಿತ್ತು. ನಿನ್ನ ಭಾವನ ಮುಖ ಕೊನೆಯ ಸಲ ನೋಡದ ಹಾಗೆ ಮಾಡಿದೆ. ಇದಕ್ಕೆ ಕ್ಷಮೆ ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನೆ ಸ್ಟೇಷನ್ನಿಗೆ ಹೋಗಿ ಟ್ವೈಲಾಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ; ಅವತ್ತೇ ಅನುಮಾನ ಬಂದಿತ್ತು, ಹೆಂಡತಿಯ ಮಾತಿಗೆ ಎದುರಾಡುವುದು ಹೇಗೆ ಎಂದು ಸುಮ್ಮನಿದ್ದೆ ಎಂದಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ ಬರುವ ಶನಿವಾರ ಮಧ್ಯಾಹ್ನ ಮೈಕು ನಿಮ್ಮದು ಎಂದಿದ್ದಾಳೆ. ಸ್ತುತಿಗೀತೆಯ ಮಾತು ನಾನು ಕಟ್ಟಿದ ಸುಳ್ಳು, ಅವರು ಕೇಳಿದ್ದು ಸುಕ್ಕು ಅಂಗಿ ಎಂದು ಹೇಳುತ್ತೇನೆ. ಅಂಗಿ ಯಾರದು, ದನಿ ಯಾರದು, ಅದನ್ನೂ ಹೇಳುತ್ತೇನೆ. ರೆವರೆಂಡ್ ಬೇಕಿದ್ದರೆ ಬಿಳಿ ಉಡುಪು ವಾಪಸು ತೆಗೆದುಕೊಳ್ಳಲಿ, ಒಗೆದು ಮಡಿಸಿ ಇಟ್ಟಿದ್ದೇನೆ.

ಆದರೆ ಬರೀ ಮಾತು ಸಾಲದು. ಈ ಊರಿನ ಜನ ಹಾಡು ಕೇಳದೆ ನಂಬುವವರಲ್ಲ. ರೆಕಾರ್ಡು ಹಾಡುವ ಸ್ಥಿತಿಯಲ್ಲಿಲ್ಲ. ಅದಕ್ಕೇ ನಿನ್ನನ್ನು ಕರೆಯುತ್ತಿದ್ದೇನೆ. ಬಾ, ಬಂದು ನಿನ್ನ ಭಾವನಿಗೆ ಆ ಹಾಡು ಹಾಡು. ದನಿ ಹೋಗಿದೆ, ವರ್ಷಗಟ್ಟಲೆ ಹಾಡಿಲ್ಲ ಎಂದು ನೆಪ ಹೇಳಬೇಡ, ಅವರಿಗೆ ಅದೆಲ್ಲ ಆಗುತ್ತಿರಲಿಲ್ಲ. ಗಿಟಾರಿಗೆ ಕ್ಲಿಯೋಥನನ್ನು ಕೇಳುತ್ತೇನೆ. ಕೇಳುವ ಮುಂಚೆ ಅವನಿಗೂ ಇದನ್ನೆಲ್ಲ ಹೇಳಬೇಕು. ಬೆಳಿಗ್ಗೆ ಎರಡು ಸಲ ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋಗಿ ಬಂದೆ, ನಾಳೆ ಹೋಗುತ್ತೇನೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಜಗಳವಾಡುವುದಿದ್ದರೂ ಇಲ್ಲಿಗೇ ಬಂದು ಆಡು.

ಇಂತಿ ನಿನ್ನ ತಪ್ಪಿತಸ್ಥೆ ಅಕ್ಕ,
ಆರ್ಡೆಲ್ಲ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ರೆಕಾರ್ಡು ಹಾಡುವ ಸ್ಥಿತಿಯಲ್ಲಿಲ್ಲ ಎಂದು ಮೇಲೆ ಬರೆದೆ. ಯಾಕೆ ಎಂದು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ. ಆ ಶುಕ್ರವಾರ ಬೆಳಿಗ್ಗೆ, ರೆವರೆಂಡರ ಕಾರು ಬರುವ ಮುಂಚೆ, ನಿನ್ನ ಭಾವ ದಿಂಬಿನ ಚೀಲದಲ್ಲಿ ಸುತ್ತಿಟ್ಟಿದ್ದ ಆ ರೆಕಾರ್ಡನ್ನು ತೆಗೆದು ಅಡುಗೆಮನೆಯ ನೆಲದ ಮೇಲಿಟ್ಟು, ಚರ್ಚಿನ ಬೂಟು ಕಾಲಿನಲ್ಲೇ ತುಳಿದೆ. ಅದೊಂದೇ ಉಳಿದಿದ್ದು ಎಂದು ಗೊತ್ತಿದ್ದೂ ತುಳಿದೆ. ಇದನ್ನು ಓದಿದ ಮೇಲೆ ನೀನು ಬರದಿದ್ದರೆ ನಾನು ಏನೂ ಅನ್ನುವುದಿಲ್ಲ. ಆಗ ನಾನೇ ಹಾಡುತ್ತೇನೆ, ಊರು ನಗಲಿ. ಆದರೆ ನನಗೆ ಮೊದಲ ಎರಡು ಚರಣ ಮಾತ್ರ ಬರುತ್ತದೆ. ಮೆಂಫಿಸಿನಲ್ಲಿ ಮೂರನೆಯದು ಶುರುವಾಗುವ ಮುಂಚೆ ರೇಡಿಯೋ ಆರಿಸಿಬಿಟ್ಟಿದ್ದೆ. ಮನೆಯಲ್ಲಿ ಅವರು ಹಾಕಿದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಆ ಕೊನೆಯ ಚರಣದಲ್ಲಿ ಸುಕ್ಕು ಅಂಗಿಯವನು ತನ್ನನ್ನು ಬಿಟ್ಟು ಹೋದವಳಿಗೆ ಏನು ಹೇಳುತ್ತಾನೆ, ಕ್ವೀನಿ? ಸಿಟ್ಟಿದ್ದರೆ ಬೇರೇನೂ ಬರೆಯಬೇಡ. ಅದೊಂದನ್ನು ಬರೆದು ಕಳಿಸು.